ಬಾಡಿಗೆ ಯಾರದು, ಬೀಗದ ಕೈ ಯಾರದು

ಯಲಹಂಕ ಉಪನಗರದಲ್ಲಾಗಲಿ, ಆರ್.ಟಿ. ನಗರದಲ್ಲಾಗಲಿ, ಯಶವಂತಪುರಕ್ಕೆ ಅಂಟಿಕೊಂಡ ಮತ್ತಿಕೆರೆಯಲ್ಲಾಗಲಿ ‘ಮನೆ ಬಾಡಿಗೆಗೆ ಇದೆ’ ಎಂಬ ಬೋರ್ಡಿಗೆ ಎಂದೂ ಬರ ಬಂದಿಲ್ಲ. ಆದರೆ ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಹೊಲಿಯುವವಳು, ಹೆಬ್ಬಾಳದ ಆಸ್ಪತ್ರೆಯೊಂದರ ಆಯಾ, ಮಾನ್ಯತಾ ಟೆಕ್ ಪಾರ್ಕಿನಲ್ಲಿ ನೆಲ ಒರೆಸುವವಳು ಆ ಬೋರ್ಡಿನ ನಂಬರಿಗೆ ಫೋನ್ ಮಾಡಿದರೆ ಎರಡು ಪ್ರಶ್ನೆ ಎದುರಾಗುತ್ತವೆ: ಅಡ್ವಾನ್ಸ್ ಎಷ್ಟು ಕೊಡುತ್ತೀರಿ, ಮನೆಯಲ್ಲಿ ಯಾರ್ಯಾರು ಇರುತ್ತೀರಿ. ಹತ್ತು ತಿಂಗಳ ಬಾಡಿಗೆ ಮುಂಗಡ ಎಂಬುದು ಈ ಊರಿನ ಹಳೆಯ ರೂಢಿ. ಎರಡನೆಯ ಪ್ರಶ್ನೆಗೆ ‘ನಾನೊಬ್ಬಳೇ’ ಎಂದರೆ ಬಹಳಷ್ಟು ಸಲ ಮಾತು ಅಲ್ಲಿಗೇ ಮುಗಿಯುತ್ತದೆ. 2001ರ ಜನಗಣತಿಯಲ್ಲಿ ವಿಧವೆಯರು, ವಿಚ್ಛೇದಿತೆಯರು, ಗಂಡ ಬಿಟ್ಟವರು, ಮದುವೆಯಾಗದವರು ಸೇರಿ ದೇಶದಲ್ಲಿ 5 ಕೋಟಿ ಚಿಲ್ಲರೆ ಇದ್ದ ಒಂಟಿ ಮಹಿಳೆಯರು 2011ರ ಹೊತ್ತಿಗೆ 7 ಕೋಟಿ ದಾಟಿದ್ದರು. ಹೀಗಿದ್ದೂ ಮನೆ ಮಾಲೀಕರ ದೃಷ್ಟಿಯಲ್ಲಿ ಒಂಟಿ ಹೆಣ್ಣು ಇವತ್ತಿಗೂ ಒಂದು ಅಪವಾದವೇ.

ಇಂಥವರಿಗಾಗಿ ಒಂದು ಧರ್ಮಾರ್ಥ ಟ್ರಸ್ಟ್ ಉತ್ತರ ಬೆಂಗಳೂರಿನಲ್ಲಿ ಕಡಿಮೆ ಬಾಡಿಗೆಯ ಮನೆ ಕಟ್ಟಿಕೊಡಬೇಕೆ, ಕಟ್ಟಿದರೆ ಯಾವ ಷರತ್ತಿನ ಮೇಲೆ ಎಂಬ ಪ್ರಶ್ನೆಗೆ ಒಬ್ಬರ ಬಾಯಲ್ಲಿ ಉತ್ತರ ಹೇಳಿಸುವುದು ನನಗೆ ಸರಿಕಾಣಲಿಲ್ಲ. ಹಾಗಾಗಿ ಇಬ್ಬರನ್ನು ಎದುರುಬದುರು ಕೂರಿಸಿದ್ದೇನೆ. ಹಿರಿಯಾಕೆ ಗೃಹಮಂಡಳಿಯಲ್ಲಿ ಎಂಜಿನಿಯರ್ ಆಗಿ ನಿವೃತ್ತರಾದವರು, ಈಗ ಇಂಥದೊಂದು ಟ್ರಸ್ಟಿನ ಅರವತ್ತು ಕೋಣೆಯ ಕಟ್ಟಡದ ನಕ್ಷೆ ಹಿಡಿದಿರುವವರು. ಕಿರಿಯಾಕೆ ಗಾರ್ಮೆಂಟ್ಸ್ ಕಾರ್ಮಿಕರ ಸಂಘದಲ್ಲಿ ಕೆಲಸ ಮಾಡುವವಳು. ಇಬ್ಬರೂ ಕಲ್ಪಿತರು, ಅವರು ಎಣಿಸುವ ಲೆಕ್ಕ ಮಾತ್ರ ಈ ಊರಿನದು.

ಹಿರಿಯಾಕೆ: ಕರುಣೆಯ ಮಾತು ಪಕ್ಕಕ್ಕಿಟ್ಟು ಮೊದಲು ಲೆಕ್ಕ ನೋಡೋಣ ಕಣಮ್ಮ. ಇನ್ನೂರು ಚದರಡಿಯ ಒಂದು ಕೋಣೆ, ಅದರಲ್ಲೇ ಒಂದು ಅಡುಗೆ ಕಟ್ಟೆ, ಒಂದು ಬಚ್ಚಲು. ಚದರಡಿಗೆ ಎರಡೂವರೆ ಸಾವಿರ ಅಂದುಕೊಂಡರೆ ಕಟ್ಟೋದಕ್ಕೆ 5 ಲಕ್ಷ. ಜಾಗದ ಬೆಲೆ ಇದರಲ್ಲಿ ಸೇರಿಲ್ಲ. ಈ 5 ಲಕ್ಷವನ್ನು ಶೇ 9ರ ಬಡ್ಡಿಗೆ ತಂದರೆ ವರ್ಷಕ್ಕೆ ಬಡ್ಡಿಯೊಂದೇ 45,000, ಅಂದರೆ ತಿಂಗಳಿಗೆ 3,750. ಇನ್ನು ಆಕೆ ಕೊಡಬಲ್ಲ ಬಾಡಿಗೆ ನೋಡು. ಸಂಬಳ 13,000ದ ಆಸುಪಾಸು. ಕೇಂದ್ರ ಸರ್ಕಾರದ ಉದ್ಯೋಗಸ್ಥ ಮಹಿಳಾ ವಸತಿ ನಿಲಯದ ನಿಯಮದ ಪ್ರಕಾರ ಒಬ್ಬಳೇ ಇರುವ ಕೋಣೆಗೆ ಸಂಬಳದ ಶೇ 15, ಇಬ್ಬರು ಇರುವಲ್ಲಿ ಶೇ 10, ಡಾರ್ಮಿಟರಿಗೆ ಶೇ 7.5ಕ್ಕಿಂತ ಹೆಚ್ಚು ಕೇಳುವಂತಿಲ್ಲ. ಹದಿನೈದು ಅಂದರೂ 1,950. ಬಡ್ಡಿಯ ಅರ್ಧಕ್ಕೆ ತುಸು ಹೆಚ್ಚು, ಅಷ್ಟೇ. ಯಾವ ಬಿಲ್ಡರ್ ಈ ಮನೆ ಕಟ್ಟುತ್ತಾನೆ? ಅವನನ್ನು ಬೈದು ಪ್ರಯೋಜನವಿಲ್ಲ, ಲೆಕ್ಕವೇ ಹಾಗಿದೆ. ಆದರೆ ಅದೇ 1,950 ನೀರಿಗೆ, ಪಂಪಿಗೆ, ಕಾವಲಿಗೆ, ಸುಣ್ಣಬಣ್ಣಕ್ಕೆ ಸಾಕಾಗುತ್ತದೆ. ಬಂಡವಾಳವನ್ನು ಯಾರಾದರೂ ಒಂದೇ ಸಲ ಕೊಟ್ಟು ಬಡ್ಡಿ ಕೇಳದೆ ಮರೆತುಬಿಟ್ಟರೆ ಉಳಿದದ್ದು ತಾನಾಗಿ ನಡೆಯುತ್ತದೆ. ದಾನ ಮಾಡಬೇಕಾದ ಕೆಲಸ ಇಷ್ಟೇ. ಈ ಊರಿಗೆ ಇದು ಹೊಸದೂ ಅಲ್ಲ. ಗುಬ್ಬಿ ತೋಟದಪ್ಪನವರು ರೈಲ್ವೆ ನಿಲ್ದಾಣದ ಬಳಿ 1903ರಲ್ಲಿ ಛತ್ರ ಮಾಡಿದರು, ಆಮೇಲೆ ವಿದ್ಯಾರ್ಥಿಗಳಿಗೆ ಉಚಿತ ನಿಲಯ ಮಾಡಿದರು. ಒಮ್ಮೆ ಕೊಟ್ಟ ಆಸ್ತಿ ನೂರಿಪ್ಪತ್ತು ವರ್ಷದ ಮೇಲೂ ಜನರನ್ನು ಮಲಗಿಸುತ್ತಿದೆ. ಪ್ರಯಾಣಿಕನಿಗೆ ಛತ್ರ, ಓದುವ ಹುಡುಗನಿಗೆ ಹಾಸ್ಟೆಲ್, ಬೀದಿಗೆ ಬಿದ್ದ ವಿಧವೆಗೆ ಆಶ್ರಮ, ಇಷ್ಟನ್ನೂ ನಮ್ಮ ದಾನಿಗಳು ಯೋಚಿಸಿದ್ದಾರೆ. ದುಡಿದು ತಿನ್ನುವ ಒಂಟಿ ಹೆಣ್ಣು ಮಾತ್ರ ಯಾರ ಪಟ್ಟಿಗೂ ಬರಲಿಲ್ಲ.

ಕಿರಿಯಾಕೆ: ಲೆಕ್ಕ ಸರಿಯಾಗಿದೆ ಮೇಡಂ, ಆದರೆ ನೀವು ಅದನ್ನು ಮಧ್ಯದಿಂದ ಶುರು ಮಾಡಿದಿರಿ. ಆಕೆಯ ಸಂಬಳ ಹದಿಮೂರೇ ಸಾವಿರ ಯಾಕಿದೆ? ಪೀಣ್ಯದಲ್ಲಿ, ಗೊರಗುಂಟೆಪಾಳ್ಯದಲ್ಲಿ ಹೊಲಿದ ಶರ್ಟು ಹೊರದೇಶದ ಅಂಗಡಿಯಲ್ಲಿ ಯಾವ ಬೆಲೆಗೆ ಹೋಗುತ್ತದೆ ಅಂತ ನಿಮಗೂ ಗೊತ್ತು. ಅವಳಿಗೆ ಬಾಡಿಗೆ ಕಟ್ಟುವಷ್ಟು ಸಂಬಳ ಕೊಡಬೇಕಾದವನು ಕೊಡಲಿಲ್ಲ, ಆ ಕೊರತೆಯನ್ನು ಟ್ರಸ್ಟ್ ತುಂಬುತ್ತದೆ. ಇದರಿಂದ ಉಳಿತಾಯ ಯಾರಿಗೆ? ನೀವು ದಾನ ಕೊಡುತ್ತಿರುವುದು ಆಕೆಗಲ್ಲ, ಫ್ಯಾಕ್ಟರಿಗೆ ಅಂತ ನಮ್ಮ ಸಂಘದಲ್ಲಿ ಯಾರಾದರೂ ಹೇಳಿದರೆ ನಾನು ಏನು ಉತ್ತರ ಕೊಡಲಿ? 2016ರ ಏಪ್ರಿಲ್ ನೆನಪಿರಬೇಕು. ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58 ವರ್ಷದ ತನಕ ತೆಗೆಯುವಂತಿಲ್ಲ ಅಂತ ಕೇಂದ್ರ ನಿಯಮ ತಂದಾಗ ಈ ಹೆಣ್ಣುಮಕ್ಕಳು ಹೊಸೂರು ರಸ್ತೆಯನ್ನೂ ತುಮಕೂರು ರಸ್ತೆಯನ್ನೂ ಸ್ತಬ್ಧ ಮಾಡಿದರು. ಎರಡೇ ದಿನದಲ್ಲಿ ನಿಯಮ ವಾಪಸಾಯಿತು. ಯಾಕೆ ಅಷ್ಟು ಸಿಟ್ಟು? ಕೆಲಸ ಬಿಟ್ಟಾಗ ಕೈಗೆ ಬರುವ ಆ ಇಡಿಗಂಟೇ ಅವರ ಮನೆ ಅಡ್ವಾನ್ಸು, ಊರಿನ ಸಾಲದ ಕಂತು, ತಂಗಿಯ ಮದುವೆ. ಮುಪ್ಪಿಗೆ ಇಟ್ಟ ದುಡ್ಡನ್ನು ಮನೆ ಓನರ್‌ನ ಅಡ್ವಾನ್ಸಿಗೆ ಒಡೆಯಬೇಕಾಗಿ ಬಂದಿದೆ. ಅವರಿಗೆ ಬೇಕಾದದ್ದು ಸಂಬಳ, ಮತ್ತು ಅಡ್ವಾನ್ಸಿಗೆ ಮಿತಿ ಹಾಕುವ ಕಾನೂನು. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಎರಡು ತಿಂಗಳ ಮಿತಿ ಹಾಕಿದೆ. ಮಾದರಿ ಅಂದರೆ ಮಾದರಿ ಅಷ್ಟೇ, ಓನರ್‌ಗಳ ಅಡ್ವಾನ್ಸು ಹಾಗೇ ಇದೆ.

ಹಿರಿಯಾಕೆ: ಸಂಬಳ ಏರಲಿ, ಬೇಡ ಅಂದವರಾರು? ಆದರೆ ಏರಿದ ಸಂಬಳ ಯಾರ ಜೇಬಿಗೆ ಹೋಗುತ್ತದೆ ಅನ್ನೋದನ್ನೂ ನೋಡು. 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂತು. ಅಲ್ಲಿಂದ ಹೆಬ್ಬಾಳದ ತನಕ ರಸ್ತೆಯ ಎರಡೂ ಬದಿ ಜಾಗದ ಬೆಲೆ ಏರಿದ್ದು ಅಲ್ಲಿ ಕಸ ಗುಡಿಸುವವಳ ಕೂಲಿಗಿಂತ ಎಷ್ಟು ಪಟ್ಟು ಅಂತ ಬಿಡಿಸಿ ಹೇಳಬೇಕಿಲ್ಲ. ಈಗ ಮೆಟ್ರೊ ಕಂಬ ಎದ್ದಿವೆ, ರೈಲು ಓಡುವ ಮೊದಲೇ ಬಾಡಿಗೆ ಓಡಿದೆ. ಎಲ್ಲರ ಸಂಬಳ ಎರಡು ಸಾವಿರ ಏರಿದ ಊರಲ್ಲಿ ಶೀಟ್ ಮನೆಯ ಬಾಡಿಗೆ ಒಂದೂವರೆ ಸಾವಿರ ಏರುವುದನ್ನು ಯಾರೂ ತಡೆಯಲಾರರು. ಅದಕ್ಕೇ ಒಂದಿಷ್ಟು ಜಾಗವನ್ನಾದರೂ ಈ ಸಂತೆಯಿಂದ ಶಾಶ್ವತವಾಗಿ ಹೊರಗಿಡಬೇಕು ಅನ್ನೋದು. ಸಂಘದ ಹೋರಾಟದಿಂದ ಸಂಬಳ ಏರಬಹುದು, ಜಾಗ ಅಗ್ಗವಾಗುವುದಿಲ್ಲ. ಬಿಡಿಎ ಬಡಾವಣೆಗಳಲ್ಲಿ ಸಿಎ ನಿವೇಶನ ಅಂತ ಇರುತ್ತವಲ್ಲ, ನಾಗರಿಕ ಸೌಲಭ್ಯದ ಜಾಗ, ಅದನ್ನು ನೋಂದಾಯಿತ ಸಂಘ ಸಂಸ್ಥೆಗಳಿಗೆ ದೀರ್ಘಾವಧಿ ಗುತ್ತಿಗೆಗೆ ಕೊಡುತ್ತಾರೆ. ಶಾಲೆ ಕಟ್ಟಲು ಕೇಳಿದವರು ಬಹಳ, ಇಂಥ ಮನೆ ಕಟ್ಟಲು ಕೇಳಿದವರು ಎಷ್ಟು ಮಂದಿ? 2013ರ ಕಂಪನಿ ಕಾಯ್ದೆಯ ಏಳನೇ ಪರಿಶಿಷ್ಟದಲ್ಲಿ ಸಾಮಾಜಿಕ ಹೊಣೆಯ ಶೇ 2ರ ಹಣವನ್ನು ಯಾವುದಕ್ಕೆ ಬಳಸಬಹುದು ಅಂತ ಪಟ್ಟಿ ಇದೆ. ಮಹಿಳೆಯರಿಗೆ ವಸತಿಗೃಹ, ಹಾಸ್ಟೆಲ್ ಕಟ್ಟುವುದು ಅದರಲ್ಲಿ ಹೆಸರು ಹಿಡಿದು ಸೇರಿದೆ. ನಾಗವಾರದಿಂದ ಹೆಬ್ಬಾಳದ ತನಕ ಇರುವ ಗಾಜಿನ ಕಟ್ಟಡಗಳ ಕಂಪನಿಗಳಿಗೆ ಕಾನೂನು ಅಷ್ಟು ಸ್ಪಷ್ಟವಾಗಿ ದಾರಿ ತೋರಿಸಿದೆ.

ಕಿರಿಯಾಕೆ: ತೋರಿಸಿದ ದಾರಿಯಲ್ಲಿ ಎಷ್ಟು ದೂರ ಹೋದರು? ನೀವು ಮೊದಲು ಹೇಳಿದ ಕೇಂದ್ರದ ವಸತಿ ನಿಲಯದ ಯೋಜನೆ ಶುರುವಾದದ್ದು 1972-73ರಲ್ಲಿ. ಈಗ ಅದಕ್ಕೆ ಸಖಿ ನಿವಾಸ ಅಂತ ಹೊಸ ಹೆಸರು. ಸ್ವಯಂಸೇವಾ ಸಂಸ್ಥೆಗಳು ಕಟ್ಟಡ ಕಟ್ಟಲು ಮುಂದೆ ಬಂದರೆ ಸಹಾಯಧನ ಕೊಡುತ್ತೇವೆ ಅಂತ ದಶಕಗಳ ಕಾಲ ಹೇಳುತ್ತಾ ಬಂದರು. ಆದರೂ ಆರ್.ಟಿ. ನಗರದಲ್ಲಿ, ಹೆಬ್ಬಾಳದಲ್ಲಿ ಹೆಣ್ಣುಮಕ್ಕಳು ಮೂವರು ಒಂದು ಕೋಣೆಯಲ್ಲಿ ಏಳೆಂಟು ಸಾವಿರ ಕೊಟ್ಟು ಪಿಜಿಯಲ್ಲೇ ಇದ್ದಾರೆ, ಅಷ್ಟು ಕೊಡಲಾಗದವರು ಶೀಟ್ ಮನೆಯಲ್ಲಿ ನಾಲ್ವರು ಸೇರಿ ಇದ್ದಾರೆ. 2023ರಲ್ಲಿ ಪಿಜಿ ಬಾಡಿಗೆಗೂ ಶೇ 12 ಜಿಎಸ್‌ಟಿ ಅಂತ ಕರ್ನಾಟಕದ ಪ್ರಾಧಿಕಾರವೇ ಹೇಳಿಬಿಟ್ಟಿತ್ತು. 2024ರ ಜೂನ್‌ನಲ್ಲಿ ಜಿಎಸ್‌ಟಿ ಮಂಡಳಿ ತಿಂಗಳಿಗೆ 20,000ದ ತನಕ ವಿನಾಯಿತಿ ಕೊಟ್ಟಿತು, ಅದೂ ತೊಂಬತ್ತು ದಿನ ಸತತವಾಗಿ ಉಳಿದವರಿಗೆ. ಲಕ್ಷಾಂತರ ಹೆಣ್ಣುಮಕ್ಕಳು ದುಡಿಯುವ ಊರಿಗೆ ನಿಮ್ಮ ಅರವತ್ತು ಕೋಣೆ ಯಾವ ಮೂಲೆಗೆ ಸಾಕಾಗುತ್ತದೆ ಮೇಡಂ?

ಹಿರಿಯಾಕೆ: ಸಾಕಾಗುವುದಿಲ್ಲ. ಸಾಕಾಗುತ್ತದೆ ಅಂತ ನಾನು ಹೇಳಿದ್ದರೆ ನೀನು ನಗಬಹುದಿತ್ತು. ಲಂಡನ್ನಿನಲ್ಲಿ 1920ರಲ್ಲಿ, ಮೊದಲ ಮಹಾಯುದ್ಧ ಮುಗಿದ ಎರಡೇ ವರ್ಷಕ್ಕೆ, ಎಥೆಲ್ಡ್ರೆಡ್ ಬ್ರೌನಿಂಗ್ ಎಂಬಾಕೆ ಮತದಾನದ ಹಕ್ಕಿಗೆ ಹೋರಾಡಿದ ಹೆಂಗಸರ ಜೊತೆ ಸೇರಿ ವಿಮೆನ್ಸ್ ಪಯೋನಿಯರ್ ಹೌಸಿಂಗ್ ಶುರು ಮಾಡಿದಳು. ದೊಡ್ಡ ಹಳೆಯ ಬಂಗಲೆಗಳನ್ನು ಹಿಡಿದು, ಒಂಟಿ ಹೆಣ್ಣಿಗೆ ಒಂದೊಂದು ಬಾಗಿಲಿನಂತೆ ಸಣ್ಣ ಸಣ್ಣ ಮನೆಗಳಾಗಿ ಒಡೆದು ಬಾಡಿಗೆಗೆ ಕೊಟ್ಟರು. ಬಿಟ್ಟಿಯಲ್ಲ, ಕೈಗೆಟಕುವ ಬಾಡಿಗೆ. ಸಂಸ್ಥೆ ಇವತ್ತಿಗೂ ಇದೆ, ಮನೆಗಳು ಸಾವಿರದ ಆಸುಪಾಸು. ನೂರು ವರ್ಷಕ್ಕೆ ಸಾವಿರವೇ ಅಂತ ನೀನು ಕೇಳುತ್ತೀಯ. ಆ ಸಂಸ್ಥೆ ನೂರು ವರ್ಷದ ಮೇಲೂ ಒಂಟಿ ಹೆಣ್ಣಿಗೆ ಮನೆ ಕೊಡುತ್ತಿದೆಯಲ್ಲ, ಅದನ್ನೂ ಎಣಿಸು. ಅರವತ್ತು ಕೋಣೆಯಿಂದ ಊರಿನ ಕೊರತೆ ನೀಗುವುದಿಲ್ಲ. ಹೀಗೂ ಒಂದು ಬಾಡಿಗೆ ಕರಾರು ಸಾಧ್ಯ ಅಂತ ತೋರಿಸಲು ಮಾತ್ರ ಅಷ್ಟು ಸಾಕು.

ಇಲ್ಲಿಯವರೆಗೆ ಮಾತು ಹಣದ ಸುತ್ತ ಇತ್ತು, ಮತ್ತು ಹಣದ ವಿಷಯದಲ್ಲಿ ಹಿರಿಯಾಕೆಯ ವಾದ ಗಟ್ಟಿ ಅಂತಲೇ ನನಗೂ ಅನ್ನಿಸುತ್ತದೆ. ಕಡಿಮೆ ಸಂಬಳಕ್ಕೆ ಇದು ಸಹಾಯಧನ ಎಂಬ ಆಕ್ಷೇಪವನ್ನು ಕೊನೆತನಕ ಎಳೆದರೆ ಸರ್ಕಾರಿ ಆಸ್ಪತ್ರೆ, ನ್ಯಾಯಬೆಲೆ ಅಂಗಡಿ ಎಲ್ಲದಕ್ಕೂ ಅದು ತಗಲುತ್ತದೆ. ಆದರೆ ‘ಕರಾರು’ ಎಂಬ ಮಾತು ಬಂದೊಡನೆ ಕಿರಿಯಾಕೆ ನೆಟ್ಟಗೆ ಕೂತಳು.

ಕಿರಿಯಾಕೆ: ಹಾಗಾದರೆ ನಿಮ್ಮ ಕರಾರನ್ನೇ ನೋಡೋಣ. ಗೇಟು ಎಷ್ಟು ಗಂಟೆಗೆ ಹಾಕುತ್ತೀರಿ? ನಗಬೇಡಿ, ನನ್ನ ಇಡೀ ವಾದ ಇರುವುದೇ ಆ ಗೇಟಿನಲ್ಲಿ. 2023ರಲ್ಲಿ ನಮ್ಮ ವಿಧಾನಮಂಡಲ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು ಹೆಂಗಸರು ರಾತ್ರಿ ಪಾಳಿಯಲ್ಲಿ ದುಡಿಯಬಹುದು ಅಂತ ಒಪ್ಪಿಕೊಂಡಿತು. ವಿಮಾನ ನಿಲ್ದಾಣದ ಶೌಚಾಲಯ ತೊಳೆಯುವವಳ ಪಾಳಿ ರಾತ್ರಿ ಹತ್ತಕ್ಕೆ ಶುರುವಾಗಬಹುದು, ಆಸ್ಪತ್ರೆಯ ಆಯಾ ನಡುರಾತ್ರಿ ಎರಡಕ್ಕೆ ಬಿಡುಗಡೆಯಾಗಬಹುದು. ರಾತ್ರಿ ದುಡಿಮೆ ಸರಿ, ರಾತ್ರಿ ಮನೆಗೆ ಬರುವುದು ಮಾತ್ರ ತಪ್ಪು ಎನ್ನುವ ಊರಿದು. ಹಾಸ್ಟೆಲ್ ಅಂದ ತಕ್ಷಣ ವಾರ್ಡನ್ ಬರುತ್ತಾರೆ, ರಿಜಿಸ್ಟರ್ ಬರುತ್ತದೆ, ಊರಿಗೆ ಹೋಗಲು ಅಪ್ಪನ ಫೋನ್ ಬೇಕಾಗುತ್ತದೆ. ನಲವತ್ತು ವರ್ಷದ ಹೆಂಗಸಿಗೆ ಯಾವ ಅಪ್ಪ? 2018ರ ಜನವರಿಯಲ್ಲಿ ನೆದರ್‌ಲ್ಯಾಂಡ್ಸ್‌ನ ಸಂಸ್ಥೆಗಳು ಇಲ್ಲಿಯ ಗಾರ್ಮೆಂಟ್ ಲೇಬರ್ ಯೂನಿಯನ್ ಜೊತೆ ಸೇರಿ ಒಂದು ವರದಿ ತಂದವು. ಹೊರರಾಜ್ಯಗಳಿಂದ ಬೆಂಗಳೂರಿನ ಗಾರ್ಮೆಂಟ್ಸ್‌ಗೆ ಬಂದ ಹುಡುಗಿಯರು ಫ್ಯಾಕ್ಟರಿ ಹಾಸ್ಟೆಲ್ಲಿನಿಂದ ಹೊರಗೆ ಹೋಗಿ ಬರಲು ಎಷ್ಟು ಕಟ್ಟುಪಾಡಿದೆ ಅನ್ನೋದು ಅದರ ತಿರುಳು. ಮಲಗುವ ಜಾಗದ ಬೀಗ ಸಂಬಳ ಕೊಡುವವನ ಕೈಯಲ್ಲಿದ್ದರೆ ಹುಡುಗಿ ಸಂಘ ಸೇರುತ್ತಾಳಾ, ಓಟಿ ಬೇಡ ಅನ್ನುತ್ತಾಳಾ? 2024ರ ಕೇಂದ್ರ ಬಜೆಟ್ಟಿನಲ್ಲಿ ಕೈಗಾರಿಕೆಗಳ ಸಹಯೋಗದಲ್ಲಿ ಮಹಿಳಾ ಹಾಸ್ಟೆಲ್ ಅಂತ ಘೋಷಣೆಯಾದಾಗ ಎಲ್ಲರೂ ಚಪ್ಪಾಳೆ ತಟ್ಟಿದರು, ನನಗೆ ಆ ವರದಿ ನೆನಪಾಯಿತು.

ಹಿರಿಯಾಕೆ: ಫ್ಯಾಕ್ಟರಿಯ ಹಾಸ್ಟೆಲ್ ಬೇರೆ, ಟ್ರಸ್ಟಿನದು ಬೇರೆ. ನಮಗೆ ಆಕೆಯ ದುಡಿಮೆಯಿಂದ ಬರಬೇಕಾದ ಲಾಭವಿಲ್ಲ. ಆದರೆ ಗೇಟಿನ ವಿಷಯದಲ್ಲಿ ನನ್ನದೂ ಒಂದು ಕಷ್ಟವಿದೆ, ಕೇಳು. 2024ರ ಜುಲೈನಲ್ಲಿ ಕೋರಮಂಗಲದ ಪಿಜಿಯೊಂದಕ್ಕೆ ನುಗ್ಗಿ ಒಬ್ಬ ಯುವತಿಯನ್ನು ಕೊಂದರು. ಅದಾದ ಮೇಲೆ ಪಾಲಿಕೆ ಪಿಜಿಗಳಿಗೆ ನಿಯಮ ಮಾಡಿತು: ತಲೆಗೆ 70 ಚದರಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಸಿಸಿ ಕ್ಯಾಮೆರಾ, ಕಾವಲು. ನಾಳೆ ನಮ್ಮ ಕಟ್ಟಡದಲ್ಲಿ ಏನಾದರೂ ಆದರೆ ‘ಗೇಟು ಯಾಕೆ ತೆರೆದಿತ್ತು’ ಅಂತ ಕೇಳುವವರು ನಿನ್ನನ್ನು ಕೇಳುವುದಿಲ್ಲ, ಟ್ರಸ್ಟಿಗಳನ್ನು ಕೇಳುತ್ತಾರೆ. ಹಳ್ಳಿಯಲ್ಲಿರುವ ತಾಯಿ ಮಗಳನ್ನು ಕಳಿಸುವಾಗ ಕೇಳುವ ಮೊದಲ ಪ್ರಶ್ನೆಯೂ ಅದೇ. ಗೇಟು ಇದೆ ಅಂತಲೇ ಎಷ್ಟೋ ಹುಡುಗಿಯರಿಗೆ ಊರು ಬಿಡಲು ಅನುಮತಿ ಸಿಗುತ್ತದೆ. ನೀನು ಸ್ವಾತಂತ್ರ್ಯ ಅಂತೀಯ. ಆ ಸ್ವಾತಂತ್ರ್ಯಕ್ಕೆ ಆಕೆ ಬಂದು ಮುಟ್ಟಬೇಕಾದರೂ ಕೆಲವು ಸಲ ಈ ವಾರ್ಡನ್‌ನ ನೆರಳಲ್ಲೇ ಬರಬೇಕಾಗುತ್ತದೆ.

ಕಿರಿಯಾಕೆ: ಕಾವಲುಗಾರ ಇರಲಿ, ಕ್ಯಾಮೆರಾ ಇರಲಿ, ಓಣಿಯಲ್ಲಿ ದೀಪ ಇರಲಿ. ಒಳಗೆ ಯಾರು ನುಗ್ಗುತ್ತಾರೆ ಅಂತ ನೋಡುವುದು ಭದ್ರತೆ. ಒಳಗಿರುವವಳು ಎಷ್ಟು ಹೊತ್ತಿಗೆ ಬಂದಳು ಅಂತ ಬರೆಯುವುದು ಭದ್ರತೆಯಲ್ಲ. ನಿಮ್ಮ ಕಾಲದ ಬೆಂಗಳೂರಿನಲ್ಲಿ ವಠಾರ ಇತ್ತಲ್ಲ ಮೇಡಂ? ಸಾಲಾಗಿ ಮನೆ, ನಡುವೆ ಅಂಗಳ, ಒಂದು ನಲ್ಲಿ. ಅಲ್ಲಿ ವಾರ್ಡನ್ ಇರಲಿಲ್ಲ, ಆದರೂ ಅಪರಿಚಿತ ಒಳಗೆ ಬಂದರೆ ಹತ್ತು ಜನ ‘ಯಾರು ಬೇಕಿತ್ತು’ ಅಂತ ಕೇಳುತ್ತಿದ್ದರು. ನಕ್ಷೆ ಬರೆಯುವವರು ನೀವು. ಹಾಸ್ಟೆಲ್ ನಕ್ಷೆ ಬಿಟ್ಟು ವಠಾರದ ನಕ್ಷೆ ಯಾಕೆ ಬರೆಯಬಾರದು?

ಹಿರಿಯಾಕೆ: ವಠಾರವನ್ನು ಅಷ್ಟು ಹೊಗಳಬೇಡ, ಆ ಹತ್ತು ಜನರ ಕಣ್ಣು ಒಬ್ಬ ವಾರ್ಡನ್ನಿಗಿಂತ ಹರಿತ. ಗಂಡ ಬಿಟ್ಟವಳು ವಠಾರದಲ್ಲಿ ಹೇಗೆ ಬದುಕುತ್ತಿದ್ದಳು ಅನ್ನೋದು ನಿನಗೆ ಗೊತ್ತಿರಲಾರದು. ಆದರೆ ನಕ್ಷೆಯ ಮಾತು ಒಪ್ಪಿದೆ. ಪ್ರತಿಯೊಬ್ಬಳಿಗೂ ತನ್ನದೇ ಒಲೆ, ತನ್ನದೇ ಬೀಗ. ಮೆಸ್ ಬೇಡ. ಹಾಸ್ಟೆಲ್ಲಿನ ಅರ್ಧ ಜಗಳ ಮೆಸ್ಸಿನದು, ಯಾರ ತಟ್ಟೆಯಲ್ಲಿ ಮೊಟ್ಟೆ ಇದೆ ಅಂತ ನೋಡುವ ಅಧಿಕಾರವೂ ಅಲ್ಲಿಂದಲೇ ಬರುವುದು. ಆದರೆ ಒಂದು ವಿಷಯದಲ್ಲಿ ನಾನು ಹಾಸ್ಟೆಲ್ ನಿಯಮದ ಪರ. ಅದು ಅವಧಿಯ ಮಿತಿ. ಸರ್ಕಾರದ ನಿಯಮದಲ್ಲಿ ಮೂರು ವರ್ಷ, ತೀರಾ ಅಗತ್ಯವಿದ್ದರೆ ಎಳೆದು ಐದು. ಅರವತ್ತು ಕೋಣೆಗೆ ಅರವತ್ತು ಮಂದಿ ಬಂದು ಸಾಯುವ ತನಕ ಕೂತರೆ ಅರವತ್ತೊಂದನೆಯವಳಿಗೆ ಏನು ಹೇಳಲಿ? ದಾನಿ ಕೊಟ್ಟದ್ದು ಊರಿಗೆ, ಮೊದಲು ಬಂದ ಅರವತ್ತು ಜನಕ್ಕಲ್ಲ.

ಕಿರಿಯಾಕೆ: ಮೂರು ವರ್ಷ ಆದ ಮೇಲೆ ಆಕೆಗೆ ಏನಾಗಿರುತ್ತದೆ ಅಂತ ಆ ನಿಯಮ ಬರೆದವರು ಅಂದುಕೊಂಡಿದ್ದರು? ಬಾಯಿಬಿಟ್ಟು ಹೇಳಲಿಲ್ಲ, ನಿಯಮದ ಒಳಗೇ ಇದೆ. ಮದುವೆಯಾಗಿರುತ್ತದೆ. ಹಾಸ್ಟೆಲ್ ಅನ್ನುವುದು ತವರಿಗೂ ಗಂಡನ ಮನೆಗೂ ನಡುವಿನ ನಿಲ್ದಾಣ. ಅಲ್ಲಿ ತಂಗುವವಳು ಇಪ್ಪತ್ತೈದರ ಹುಡುಗಿ. ಆದರೆ ಇದೇ ಕರ್ನಾಟಕ ಸರ್ಕಾರ 2013ರಲ್ಲಿ ಮನಸ್ವಿನಿ ಅಂತ ಯೋಜನೆ ತಂದು, 40ರಿಂದ 64 ವರ್ಷದ ಅವಿವಾಹಿತ ಮತ್ತು ವಿಚ್ಛೇದಿತ ಬಡ ಮಹಿಳೆಯರಿಗೆ ಮಾಸಾಶನ ಕೊಡಲು ಶುರು ಮಾಡಿತು. ಈಗ ತಿಂಗಳಿಗೆ 800 ರೂಪಾಯಿ. ಮೊತ್ತ ಬಿಡಿ, ಅದರಲ್ಲಿ ಒಂದು ತಿಂಗಳ ತರಕಾರಿ ಬರುವುದಿಲ್ಲ. ಆದರೆ ಒಂಟಿತನ ಒಂದು ಹಂತವಲ್ಲ, ಕೆಲವರಿಗೆ ಅದೇ ಪೂರ್ತಿ ಬದುಕು ಅಂತ ಸರ್ಕಾರವೇ ಬರೆದುಕೊಟ್ಟ ಹಾಗಾಯಿತಲ್ಲ. ಆ ನಲವತ್ತರಿಂದ ಅರವತ್ತನಾಲ್ಕರವಳು ಮೂರು ವರ್ಷಕ್ಕೊಮ್ಮೆ ಪೆಟ್ಟಿಗೆ ಕಟ್ಟಬೇಕೆ? ಇನ್ನೊಂದು ನಿಯಮ ನೋಡಿ. ಸಖಿ ನಿವಾಸದಲ್ಲಿ ತಾಯಿಯ ಜೊತೆ ಮಗಳು ಹದಿನೆಂಟರ ತನಕ ಇರಬಹುದು, ಮಗ ಹನ್ನೆರಡರ ತನಕ. ವಿಧವೆಯೊಬ್ಬಳ ಮಗ ಏಳನೇ ಕ್ಲಾಸಿನಲ್ಲಿ ಹದಿಮೂರಕ್ಕೆ ಬೀಳುತ್ತಾನೆ. ಆ ಹುಟ್ಟುಹಬ್ಬದ ದಿನ ತಾಯಿ ಒಂದೋ ಮಗನನ್ನು ಬಿಡಬೇಕು, ಇಲ್ಲ ಮನೆ ಬಿಡಬೇಕು. ಹೆಣ್ಣಿನ ಭದ್ರತೆಗಾಗಿ ಮಾಡಿದ ನಿಯಮ ಬಾಗಿಲಿನಿಂದ ಆಚೆ ಹಾಕುವುದು ಒಬ್ಬ ಹೆಣ್ಣನ್ನೇ.

ಹಿರಿಯಾಕೆ: ಆ ಮಗನ ನಿಯಮಕ್ಕೆ ನನ್ನಲ್ಲಿ ಪೂರ್ತಿ ಉತ್ತರ ಇಲ್ಲ. ಒಂದೇ ಬಚ್ಚಲು ಇಪ್ಪತ್ತು ಜನಕ್ಕೆ ಇದ್ದಾಗ ಮಾಡಿದ ನಿಯಮ ಅದು. ಪ್ರತಿ ಕೋಣೆಗೂ ಬಚ್ಚಲು ಇದ್ದರೆ ಅದರ ಅಗತ್ಯ ಅರ್ಧ ಕಡಿಮೆಯಾಗುತ್ತದೆ. ಪೂರ್ತಿ ಹೋಗುತ್ತದೆ ಅಂತ ಹೇಳಲಾರೆ, ಪಕ್ಕದ ಕೋಣೆಯಲ್ಲಿ ಗಂಡಸಿನ ಏಟು ತಪ್ಪಿಸಿಕೊಂಡು ಬಂದವಳು ಇರುತ್ತಾಳೆ, ಓಣಿಯಲ್ಲಿ ಹದಿನೇಳರ ಹುಡುಗನ ದನಿ ಕೇಳಿದರೆ ಆಕೆಗೆ ನಿದ್ದೆ ಬರುವುದಿಲ್ಲ. ಅವಳ ಮಾತನ್ನೂ ಯಾರಾದರೂ ಆಡಬೇಕಲ್ಲ. ಅವಧಿಯ ವಿಷಯದಲ್ಲಿ ಹೀಗೆ ಮಾಡಬಹುದು: ವರ್ಷದ ಮಿತಿ ಬೇಡ, ಆದಾಯದ ಮಿತಿ ಇರಲಿ. ಮಹಾನಗರಗಳಲ್ಲಿ ಸರ್ಕಾರ ತಿಂಗಳಿಗೆ 50,000 ಅಂತ ಇಟ್ಟಿದೆ. ನಾವು ಅದಕ್ಕಿಂತ ಬಹಳ ಕೆಳಗೆ ಇಡೋಣ.

ಕಿರಿಯಾಕೆ: ಆದಾಯ ಏರಿದವಳನ್ನು ಹೊರಗೆ ಹಾಕುವ ಬದಲು ಬಾಡಿಗೆ ಏರಿಸಿ. ಶೇಕಡಾ ಲೆಕ್ಕ ಹೇಗೂ ಇದೆಯಲ್ಲ, ಹೆಚ್ಚು ದುಡಿದವಳು ಹೆಚ್ಚು ಕೊಡಲಿ. ಇನ್ನು ಗೇಟಿಗಿಂತ ದೊಡ್ಡ ವಿಷಯಕ್ಕೆ ಬರೋಣ. ವಿಳಾಸ. 2023ರಲ್ಲಿ ರಾಜ್ಯದಲ್ಲಿ ಗ್ಯಾರಂಟಿಗಳು ಬಂದವಲ್ಲ, ಅದನ್ನು ಒಂಟಿ ಹೆಣ್ಣಿನ ಕಡೆಯಿಂದ ನೋಡಿ. ಜೂನ್ 11ರಂದು ಶಕ್ತಿ ಶುರುವಾಯಿತು, ಬಸ್ಸು ಹತ್ತುವವಳು ಹೆಣ್ಣು ಅಂತಾದರೆ, ಕರ್ನಾಟಕದ ಗುರುತಿನ ಚೀಟಿ ಇದ್ದರೆ ಸಾಕು. ಗೃಹಲಕ್ಷ್ಮಿಯ 2,000 ಮಾತ್ರ ಪಡಿತರ ಚೀಟಿಯಲ್ಲಿ ಯಜಮಾನಿ ಅಂತ ಹೆಸರಿದ್ದವಳಿಗೆ. ಪಿಜಿಯಲ್ಲಿರುವವಳ ಹೆಸರು ಊರಿನ ಚೀಟಿಯಲ್ಲಿ ಅಮ್ಮನ ಕೆಳಗೋ ಅತ್ತಿಗೆಯ ಕೆಳಗೋ ಇರುತ್ತದೆ. ಗೃಹಜ್ಯೋತಿಯ 200 ಯೂನಿಟ್ ಮನೆ ಮೀಟರಿಗೆ, ಬಾಡಿಗೆದಾರರಿಗೂ ಸಿಗುತ್ತದೆ, ಆದರೆ ವಾಣಿಜ್ಯ ಮೀಟರಿನ ಪಿಜಿಗೆ ಇಲ್ಲ. ಅಂದರೆ ಬಸ್ಸಿನಲ್ಲಿ ಕೂತಾಗ ಮಾತ್ರ ಆಕೆ ಒಬ್ಬ ಪ್ರಜೆ, ಇಳಿದ ಮೇಲೆ ಯಾರದೋ ಮನೆಯ ಒಬ್ಬಳು. ಅವಳಿಗೊಂದು ಬಾಡಿಗೆ ಕರಾರು ಕೊಡಿ, ಅದರಲ್ಲಿ ಅವಳ ಹೆಸರಿರಲಿ. ಆ ಒಂದು ಹಾಳೆಯಿಂದ ಆಧಾರ್ ವಿಳಾಸ, ಗ್ಯಾಸ್, ಮತದಾರರ ಪಟ್ಟಿ, ತನ್ನದೇ ಪಡಿತರ ಚೀಟಿ ಎಲ್ಲಕ್ಕೂ ದಾರಿಯಾಗುತ್ತದೆ. ಟ್ರಸ್ಟುಗಳು ಕೊಡುವುದು ಪ್ರವೇಶ ಪತ್ರ. ಅದು ಒಳಗೆ ಬಿಟ್ಟುಕೊಂಡದ್ದಕ್ಕೆ ದಾಖಲೆ, ಇರುವ ಹಕ್ಕಿಗಲ್ಲ.

ಹಿರಿಯಾಕೆ: ಪ್ರವೇಶ ಪತ್ರ ಕೊಡುವುದಕ್ಕೆ ಕಾರಣವಿದೆ. ಕರಾರು ಕೊಟ್ಟ ಮೇಲೆ ಬಾಡಿಗೆ ನಿಲ್ಲಿಸಿದವಳನ್ನು ಬಿಡಿಸಲು ಕೋರ್ಟಿಗೆ ಹೋಗಬೇಕು. ಟ್ರಸ್ಟಿನ ಮೂರು ಮುದುಕರು ಕೋರ್ಟು ಅಲೆಯುತ್ತಾರಾ? ದಾನ ಕೊಟ್ಟ ಕಂಪನಿ ಅಲೆಯುತ್ತದಾ? ಹನ್ನೊಂದು ತಿಂಗಳ ಕರಾರು ಮಾಡಿ ಮತ್ತೆ ಮತ್ತೆ ನವೀಕರಿಸುವುದು ಊರಿನ ಪದ್ಧತಿ, ಅಷ್ಟಕ್ಕೆ ನಾನು ತಯಾರು. ಆದರೆ ನೀನು ಒಂದು ಮರೆತೆ. ಕರಾರು ಯಾರಿಗೆ ಕೊಡಬೇಕು? ಗಂಡ ಸತ್ತವಳ ಬಳಿ ಮರಣ ಪತ್ರ ಇರುತ್ತದೆ, ವಿಚ್ಛೇದನ ಆದವಳ ಬಳಿ ಡಿಕ್ರಿ ಇರುತ್ತದೆ. ಗಂಡ ಹೇಳದೆ ಕೇಳದೆ ಹೋದವಳ ಬಳಿ ಏನಿರುತ್ತದೆ? ಯಾವ ಕಚೇರಿಯೂ ಅವಳಿಗೆ ‘ಒಂಟಿ’ ಅಂತ ಸುಲಭವಾಗಿ ಮೊಹರು ಹಾಕಿಕೊಡುವುದಿಲ್ಲ. ಬಂದವರ ಮಾತನ್ನೇ ನಂಬಿದರೆ ಆರು ತಿಂಗಳ ಮೇಲೆ ಗಂಡನೂ ಬಂದು ಸೇರುತ್ತಾನೆ. ನಂಬದೆ ವಿಚಾರಿಸಲು ಹೊರಟರೆ ನೀನು ಹೇಳುವ ವಾರ್ಡನ್ ಬಾಗಿಲಲ್ಲೇ ಕುಳಿತಂತೆ.

ಕಿರಿಯಾಕೆ: ನಂಬಿ. ಗಂಡ ಬಂದು ಸೇರಿದರೆ ಸೇರಲಿ, ಕೋಣೆ ಇನ್ನೂರೇ ಚದರಡಿ, ಬೇರೆ ಕಡೆ ಮನೆ ಹುಡುಕುವುದು ಅವರೇ ಹುಡುಕುತ್ತಾರೆ. ಯಾರು ಅರ್ಹರು ಅಂತ ಒಳ್ಳೆಯ ಮನಸ್ಸಿನ ಸಮಿತಿ ಕೂತು ಮುಖ ನೋಡಿ ಆರಿಸುವುದಕ್ಕಿಂತ ಹೆಸರು ಬರೆದು ಚೀಟಿ ಎತ್ತುವುದು ಮೇಲು. ಸಮಿತಿಗೆ ಅಳುವವಳು ಬೇಕು, ಜಗಳ ಆಡುವವಳು ಬೇಡ.

ಹಿರಿಯಾಕೆ: ಚೀಟಿ ಎತ್ತುವ ದಿನ ರಾತ್ರಿಯೇ ಬೀದಿಗೆ ಬಿದ್ದವಳು ಬಂದು ನಿಂತರೆ?

ಕಿರಿಯಾಕೆ: ಎರಡು ಕೋಣೆ ಅದಕ್ಕೆಂದೇ ಖಾಲಿ ಇಡಿ.

ಹಿರಿಯಾಕೆ: ಖಾಲಿ ಕೋಣೆಯ ಬಾಡಿಗೆ ಬರುವುದಿಲ್ಲ, ಅದು ಉಳಿದ ಐವತ್ತೆಂಟರ ಮೇಲೆ ಬೀಳುತ್ತದೆ. ಆಗಲಿ, ಬರೆದುಕೊಳ್ಳುತ್ತೇನೆ. ಇನ್ನೊಂದು ಹೇಳು, ನಿನ್ನ ಶೇಕಡಾ ಲೆಕ್ಕವನ್ನೇ ಕೊನೆತನಕ ಒಯ್ಯೋಣ. ವರ್ಷದ ಮಿತಿ ತೆಗೆದಾಯಿತು. ಮೂವತ್ತೈದಕ್ಕೆ ಬಂದ ಟೈಲರ್ ಐವತ್ತೆಂಟಕ್ಕೆ ಕೆಲಸ ಬಿಡುತ್ತಾಳೆ. ಇಡಿಗಂಟನ್ನು ನಡುವೆ ಒಡೆದಾಗಿದೆ, ಪಿಎಫ್ ಪಿಂಚಣಿ ಅಂತ ಬಂದರೆ ಕನಿಷ್ಠ ಮೊತ್ತ ತಿಂಗಳಿಗೆ 1,000. 2014ರಿಂದ ಅದು ಅಷ್ಟೇ ಇದೆ. ಅದರ ಶೇ 15 ಎಷ್ಟಾಯಿತು?

ಕಿರಿಯಾಕೆ: ನೂರೈವತ್ತು.

ಹಿರಿಯಾಕೆ: ಆಕೆಯ ನೀರು, ದೀಪ, ಕಾವಲಿಗೆ ತಿಂಗಳಿಗೆ 1,950 ಬೇಕು. ಉಳಿದ 1,800 ಯಾರು ಕೊಡುತ್ತಾರೆ?

ಕಿರಿಯಾಕೆ: ನಿಮ್ಮ ದಾನಿ.

ಹಿರಿಯಾಕೆ: ದಾನಿ ಗೋಡೆಗೆ ಕೊಟ್ಟು ಮರೆತ ಅಂತ ಮೊದಲೇ ಹೇಳಿದೆನಲ್ಲ. ತಿಂಗಳ ತಿಂಗಳ ಕೊಡುವಂತಾದರೆ ಅವನು ತಿಂಗಳ ತಿಂಗಳ ಬಂದು ಕೇಳುತ್ತಾನೆ, ಒಳಗೆ ಯಾರಿದ್ದಾರೆ, ಎಷ್ಟು ಹೊತ್ತಿಗೆ ಬರುತ್ತಾರೆ ಅಂತ. ನಿನಗೆ ಬೇಡವಾದದ್ದು ಅದೇ ತಾನೆ?

ಕಿರಿಯಾಕೆ: ಹಾಗಾದರೆ ಮೇಲಿನ ಮಹಡಿಯ ದುಡಿಯುವ ಹುಡುಗಿಯರು ಕೊಡಬೇಕು, ತಲೆಗಿಷ್ಟು ಅಂತ. ಶೇ 15 ಬದಲು 17. ಆದರೆ ಅದನ್ನು ನೀವು ಹೇರುವ ಹಾಗಿಲ್ಲ. ಅಲ್ಲಿರುವವರೇ ಸಭೆ ಕೂತು ತೀರ್ಮಾನ ಮಾಡಬೇಕು.

ಹಿರಿಯಾಕೆ: ಸಭೆಯಲ್ಲಿ ಅವರು ‘ಕೊಡುವುದಿಲ್ಲ, ಮುದುಕಿ ಊರಿಗೆ ಹೋಗಲಿ’ ಅಂದರೆ?

ಕಿರಿಯಾಕೆ: ಅನ್ನಬಹುದು.

ಹಿರಿಯಾಕೆ: ಹಾಗೆ ಅಂದ ದಿನ ಟ್ರಸ್ಟಿನ ಮಾತು ನಡೆಯಬೇಕಾ, ಸಭೆಯ ಮಾತಾ? ಅದನ್ನು ಕರಾರಿನಲ್ಲಿ ಈಗಲೇ ಬರೆಯಬೇಕು ಕಣಮ್ಮ, ಆಮೇಲೆ ಬರೆಯಲಾಗುವುದಿಲ್ಲ.

ಕಿರಿಯಾಕೆ ಕರಾರಿನ ಕರಡನ್ನು ತನ್ನ ಕಡೆಗೆ ಎಳೆದುಕೊಂಡು, ‘ಟ್ರಸ್ಟಿನ ತೀರ್ಮಾನವೇ ಅಂತಿಮ’ ಎಂಬ ಸಾಲನ್ನು ಹೊಡೆದುಹಾಕಿದಳು. ಅದರ ಜಾಗದಲ್ಲಿ ಏನು ಬರೆಯಬೇಕು ಅಂತ ಇಬ್ಬರೂ ಇನ್ನೂ ಒಪ್ಪಿಲ್ಲ.